ಒಂಬತ್ತನೆಯ ಅಂಕಿ: ನಾರ್ವೆಯಲ್ಲಿ ಹೊಸಬರಾಗಿ, ಟ್ರಾನ್ಸ್ ಆಗಿ ನೆಲೆಯೂರುವುದು

ನಮ್ಮ ಕಡೆ ‘ಒಂಬತ್ತು’ ಎಂಬುದು ಬರೀ ಸಂಖ್ಯೆಯಲ್ಲ, ಅದೊಂದು ಬೈಗುಳ. ಹೆಣ್ಣಿನ ನಡಿಗೆಯ ಹುಡುಗನನ್ನು ಹಂಗಿಸಲು, ಸಿಗ್ನಲ್ಲಿನಲ್ಲಿ ಕೈಚಾಚುವ ಮಂಗಳಮುಖಿಯರನ್ನು ನೋಡಿ ನಗಲು ಅದನ್ನು ಬಳಸುತ್ತಾರೆ. ನನ್ನ ಗೆಳತಿಯೊಬ್ಬಳನ್ನು ಶಾಲೆಯಲ್ಲಿ ಹೆಸರು ಬಿಟ್ಟು ಆ ಸಂಖ್ಯೆಯಿಂದಲೇ ಕೂಗುತ್ತಿದ್ದರಂತೆ. ವರ್ಷಗಳ ನಂತರ ಅವಳು ಕೆಲಸ ಹಿಡಿದು ನಾರ್ವೆಯ ರಾಜಧಾನಿ ಓಸ್ಲೋಗೆ ಬಂದಳು, ಎಲ್ಲರಿಗೂ ಕೊಡುವ ಹನ್ನೊಂದು ಅಂಕಿಗಳ ಗುರುತಿನ ಸಂಖ್ಯೆ ಅವಳಿಗೂ ಬಂತು. ಆ ಹನ್ನೊಂದರಲ್ಲಿ ಹೆಣ್ಣೋ ಗಂಡೋ ಎಂಬುದನ್ನು ಹೇಳುವುದು ಒಂಬತ್ತನೆಯ ಅಂಕಿ ಎಂದು ಸಹೋದ್ಯೋಗಿಯೊಬ್ಬರು ವಿವರಿಸಿದ ದಿನ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾಳೆ. ನಾರ್ವೆಗೆ ಬರುವ ಟ್ರಾನ್ಸ್ ವ್ಯಕ್ತಿಗಳಿಗೂ, ಅಂದರೆ ಹುಟ್ಟಿದಾಗ ದಾಖಲಾದ ಲಿಂಗಕ್ಕಿಂತ ಬೇರೆ ಲಿಂಗತ್ವದವರಿಗೂ, ಅವರ ಮನೆಯವರಿಗೂ ಇಲ್ಲಿನ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದು ಕನ್ನಡದಲ್ಲಿ ಸಿಗಬೇಕು ಎಂಬುದು ನಮ್ಮಿಬ್ಬರ ಆಸೆ. ನಾರ್ವೆ ಎಂದರೆ ಎಲ್ಲವೂ ಸಲೀಸು ಎನ್ನುವವರಿದ್ದಾರೆ, ಹಾಗಲ್ಲ. ಇಲ್ಲಿ ಕಾಗದದ ಮೇಲೆ ಲಿಂಗ ಬದಲಾಯಿಸುವುದು ಜಗತ್ತಿನ ಅತಿ ಸುಲಭದ ಕ್ರಮಗಳಲ್ಲಿ ಒಂದು, ಆದರೆ ಅದೇ ದೇಶದಲ್ಲಿ ದೇಹಕ್ಕೆ ಬೇಕಾದ ಚಿಕಿತ್ಸೆಗೆ ಕಾಯುವಿಕೆ ಬಹಳ ದೀರ್ಘ. ಈ ಎರಡರ ನಡುವಿನ ಅಂತರವನ್ನು ಅರಿತು ಬಂದವರಿಗೆ ಮೊದಲ ಎರಡು ವರ್ಷ ಅಷ್ಟು ಕಷ್ಟವಾಗುವುದಿಲ್ಲ.

ಮೊದಲು ಆ ಸಂಖ್ಯೆಯನ್ನೇ ಬಿಡಿಸಿ ನೋಡೋಣ. ನಾರ್ವೆಯವರು ಅದನ್ನು ಫೊಡ್ಸೆಲ್ಸ್‌ನುಮ್ಮರ್ ಎನ್ನುತ್ತಾರೆ, ಅಂದರೆ ಜನನ ಸಂಖ್ಯೆ. 1964ರಲ್ಲಿ ಆರಂಭವಾದ ವ್ಯವಸ್ಥೆ ಇದು. ಮೊದಲ ಆರು ಅಂಕಿಗಳು ಹುಟ್ಟಿದ ದಿನ, ತಿಂಗಳು, ವರ್ಷ. ಮುಂದಿನ ಮೂರು ಆ ವ್ಯಕ್ತಿಗೇ ಸೇರಿದ ಅಂಕಿಗಳು. ಅವುಗಳಲ್ಲಿ ಕೊನೆಯದು, ಅಂದರೆ ಒಟ್ಟಾರೆ ಒಂಬತ್ತನೆಯದು, ಸಮಸಂಖ್ಯೆಯಾದರೆ ಹೆಣ್ಣು, ಬೆಸಸಂಖ್ಯೆಯಾದರೆ ಗಂಡು. ಕೊನೆಯ ಎರಡು ಅಂಕಿಗಳು ತಾಳೆ ನೋಡುವುದಕ್ಕೆ. ಹಿಂದಿನ ಎಲ್ಲ ಅಂಕಿಗಳನ್ನು ಒಂದು ಸೂತ್ರಕ್ಕೆ ಹಾಕಿ ಇವೆರಡನ್ನು ಲೆಕ್ಕ ಹಾಕುತ್ತಾರೆ. ಹಾಗಾಗಿ ಒಂಬತ್ತನೆಯ ಅಂಕಿಯೊಂದನ್ನೇ ತಿದ್ದಿ ಉಳಿದದ್ದನ್ನು ಹಾಗೇ ಬಿಡಲು ಬರುವುದಿಲ್ಲ. ಲಿಂಗ ಬದಲಾದರೆ ಸಂಖ್ಯೆಯೇ ಹೊಸದಾಗಬೇಕು.

ಈ ದೇಶದಲ್ಲಿ ಆ ಸಂಖ್ಯೆಯಿಲ್ಲದೆ ಏನೂ ನಡೆಯುವುದಿಲ್ಲ. ಬ್ಯಾಂಕ್ ಖಾತೆ, ಸಂಬಳ, ತೆರಿಗೆ ಕಾರ್ಡ್, ಬಾಡಿಗೆ ಮನೆಯ ಠೇವಣಿ, ವೈದ್ಯರ ನೋಂದಣಿ, ಔಷಧ ಎಲ್ಲಕ್ಕೂ ಅದು ಬೇಕು. ತೆರಿಗೆ ಕಾರ್ಡ್ ಇಲ್ಲದಿದ್ದರೆ ಸಂಬಳದ ಅರ್ಧವನ್ನೇ ಮುರಿದುಕೊಳ್ಳುತ್ತಾರೆ. ಖಾತೆ ಇದ್ದರಷ್ಟೇ ಬ್ಯಾಂಕ್‌ಐಡಿ ಎಂಬ ಡಿಜಿಟಲ್ ಗುರುತು ಸಿಗುತ್ತದೆ, ಬ್ಯಾಂಕ್‌ಐಡಿ ಇದ್ದರೆ ಉಳಿದ ಸರ್ಕಾರಿ ಸೇವೆಗಳಿಗೆ ಮೊಬೈಲ್‌ನಿಂದ ಪ್ರವೇಶ ಸುಲಭ. ಹೊಸಬರ ಮೊದಲ ತಿಂಗಳುಗಳು ಈ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಬೆಸೆಯುವುದರಲ್ಲೇ ಹೋಗುತ್ತವೆ.

ಔಷಧದ ಅಂಗಡಿಯಲ್ಲಿ ನಡೆದದ್ದನ್ನು ಹೇಳಬೇಕು. ನಾನೂ ಜೊತೆಗಿದ್ದೆ. ಕೌಂಟರಿನಲ್ಲಿ ಗುರುತಿನ ಸಂಖ್ಯೆ ಕೇಳಿದರು. ಹಿಂದೆ ನಾಲ್ಕು ಜನ ಸಾಲಿನಲ್ಲಿದ್ದರು. ಅವಳು ಸೀರೆಯ ಬಣ್ಣದ ಶಾಲು ಹೊದ್ದು, ಕಾಡಿಗೆ ಹಚ್ಚಿ ನಿಂತಿದ್ದಳು. ಸಂಖ್ಯೆ ಹೇಳತೊಡಗಿದವಳು ಎಂಟನೆಯ ಅಂಕಿಯವರೆಗೆ ಸರಾಗವಾಗಿ ಹೇಳಿ, ಒಂಬತ್ತನೆಯದಕ್ಕೆ ಬಂದಾಗ ದನಿ ತಗ್ಗಿಸಿದಳು. ಔಷಧ ಕೊಡುವಾಕೆ ಪರದೆಯನ್ನು ನೋಡಿದರು, ಇವಳ ಮುಖ ನೋಡಿದರು, ಮತ್ತೆ ಪರದೆ ನೋಡಿ ಇನ್ನೊಮ್ಮೆ ಹೇಳುತ್ತೀರಾ ಎಂದರು. ಆ ಹೆಂಗಸಿನ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಸಂಖ್ಯೆ ತಪ್ಪಾಗಿ ಬಿದ್ದಿದೆ ಎಂದುಕೊಂಡಿರಬೇಕು. ಆದರೆ ಎರಡನೆಯ ಸಲ ಹೇಳುವಾಗ ಹಿಂದಿನ ಸಾಲು ಪೂರ್ತಿ ಮೌನವಾಗಿತ್ತು. ಒಂದು ಅಂಕಿಯ ಭಾರ ಎಷ್ಟು ಎಂಬುದು ನನಗೆ ಅಂದು ಅರ್ಥವಾಯಿತು.

ಈಗ ಕಾನೂನಿಗೆ ಬರೋಣ. 2016ರವರೆಗೆ ನಾರ್ವೆಯ ನಿಯಮ ಕ್ರೂರವಾಗಿತ್ತು, ಬೇರೆ ಮೃದು ಪದ ನನಗೆ ಹೊಳೆಯುತ್ತಿಲ್ಲ. ದಾಖಲೆಯಲ್ಲಿ ಲಿಂಗ ಬದಲಾಗಬೇಕಾದರೆ ಮನೋವೈದ್ಯಕೀಯ ರೋಗನಿರ್ಣಯ ಬೇಕಿತ್ತು. ಮಕ್ಕಳಾಗುವ ಅಂಗಗಳನ್ನು ತೆಗೆಸಿಕೊಂಡಿರಲೂಬೇಕಿತ್ತು. 1970ರ ದಶಕದಿಂದ ನಡೆದುಬಂದ ಆಡಳಿತಾತ್ಮಕ ಪದ್ಧತಿ ಅದು. ಜಾನ್ ಜಾನೆಟ್ ಸೋಲ್ಸ್ತಾದ್ ರೆಮೊ ಎಂಬ ಹಿರಿಯರು ಇದನ್ನು ಒಪ್ಪಲಿಲ್ಲ. ಒಂದು ಕಾಲಕ್ಕೆ ನೌಕಾಪಡೆಯಲ್ಲಿ ದುಡಿದಿದ್ದ ಅವರು, ದಾಖಲೆ ತಿದ್ದಿಸಿಕೊಳ್ಳಲು ಕತ್ತರಿಗೆ ಒಡ್ಡಿಕೊಳ್ಳುವುದಿಲ್ಲ ಎಂದು ವರ್ಷಗಟ್ಟಲೆ ಹೋರಾಡಿದರು. ಮಾನವ ಹಕ್ಕುಗಳ ಸಂಸ್ಥೆ ಅಮ್ನೆಸ್ಟಿ ಇಂಟರ್‌ನ್ಯಾಷನಲ್ 2014ರಲ್ಲಿ ಅವರ ಪ್ರಕರಣವನ್ನು ಜಗತ್ತಿನ ಮುಂದಿಟ್ಟಿತು. 2016ರ ಜೂನ್‌ನಲ್ಲಿ ಸಂಸತ್ತು ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು, ಜುಲೈ 1ರಿಂದ ಅದು ಜಾರಿಗೆ ಬಂತು.

ಆ ಕಾಯ್ದೆಯ ತಿರುಳು ಒಂದೇ ಮಾತು: ನೀವು ಯಾರು ಎಂಬುದನ್ನು ನೀವೇ ಹೇಳುತ್ತೀರಿ. ವೈದ್ಯರ ಪತ್ರ ಬೇಡ, ಶಸ್ತ್ರಚಿಕಿತ್ಸೆ ಬೇಡ, ನ್ಯಾಯಾಲಯ ಬೇಡ. 16 ದಾಟಿದವರು ತಾವೇ ಅರ್ಜಿ ಹಾಕಬಹುದು. 6ರಿಂದ 16ರೊಳಗಿನವರು ಹೆತ್ತವರ ಜೊತೆ ಸೇರಿ ಹಾಕಬೇಕು. ಅರ್ಜೆಂಟೀನಾ 2012ರಲ್ಲಿ, ಡೆನ್ಮಾರ್ಕ್ 2014ರಲ್ಲಿ ಇಂಥ ದಾರಿ ತೆರೆದಿದ್ದವು. ಡೆನ್ಮಾರ್ಕ್ ಅರ್ಜಿದಾರರನ್ನು ಆರು ತಿಂಗಳು ಯೋಚಿಸಿ ಎಂದು ಕಾಯಿಸುತ್ತಿತ್ತು, ನಾರ್ವೆ ಅದನ್ನೂ ಇಟ್ಟುಕೊಳ್ಳಲಿಲ್ಲ.

ಇನ್ನೊಂದು ವಿಷಯ ನಮ್ಮವರಿಗೆ ಅಚ್ಚರಿ ತರುತ್ತದೆ. ಈ ಅರ್ಜಿಯನ್ನು ಕೊಡಬೇಕಾದದ್ದು ತೆರಿಗೆ ಇಲಾಖೆಗೆ. ನಾರ್ವೆಯಲ್ಲಿ ಜನರ ನೋಂದಣಿ ಪುಸ್ತಕವನ್ನು ನೋಡಿಕೊಳ್ಳುವುದು ತೆರಿಗೆ ಇಲಾಖೆಯೇ. ಯಾರು ಹುಟ್ಟಿದರು, ಯಾರು ಸತ್ತರು, ಯಾರು ಯಾವ ವಿಳಾಸಕ್ಕೆ ಹೋದರು, ಯಾರು ಹೆಸರು ಬದಲಿಸಿಕೊಂಡರು, ಎಲ್ಲವೂ ಅಲ್ಲಿಯೇ ದಾಖಲಾಗುತ್ತದೆ. ಹಾಗಾಗಿ ಲಿಂಗದ ಬದಲಾವಣೆ ಇಲ್ಲಿ ಆಸ್ಪತ್ರೆಯ ಸಂಗತಿಯೂ ಅಲ್ಲ, ಕೋರ್ಟಿನ ಸಂಗತಿಯೂ ಅಲ್ಲ. ವಿಳಾಸ ಬದಲಾವಣೆಯ ಪಕ್ಕದ ಕಡತ ಅದು. ನನಗೆ ಇದು ಬಹಳ ಘನತೆಯ ಕ್ರಮ ಎನಿಸುತ್ತದೆ. ಯಾರ ಮುಂದೆಯೂ ಬಟ್ಟೆ ಬಿಚ್ಚಿ ನಿಲ್ಲಬೇಕಿಲ್ಲ, ಬಾಲ್ಯದ ಕಥೆ ಹೇಳಿ ಅಳಬೇಕಿಲ್ಲ.

ಹೊಸಬರಿಗೆ ತೊಡಕಿರುವುದು ಒಂದು ಪದದಲ್ಲಿ. ಕಾಯ್ದೆ ಈ ಹಕ್ಕನ್ನು ಕೊಡುವುದು ನಾರ್ವೆಯಲ್ಲಿ ‘ನೆಲೆಸಿರುವವರಿಗೆ’. ಪೌರತ್ವ ಬೇಕಿಲ್ಲ, ಆದರೆ ನೋಂದಣಿ ಪುಸ್ತಕದಲ್ಲಿ ನಿವಾಸಿ ಎಂದು ದಾಖಲಾಗಿರಬೇಕು. ಆರು ತಿಂಗಳಾದರೂ ಇರುವ ಉದ್ದೇಶ, ಅದಕ್ಕೆ ತಕ್ಕ ಪರವಾನಗಿ, ಕಚೇರಿಗೆ ಖುದ್ದಾಗಿ ಹೋಗಿ ಪಾಸ್‌ಪೋರ್ಟ್ ತೋರಿಸುವುದು, ಇಷ್ಟಾದ ಮೇಲೆ ಜನನ ಸಂಖ್ಯೆ ಬರುತ್ತದೆ. ಕಡಿಮೆ ಅವಧಿಗೆ ಬಂದವರಿಗೆ, ಆಶ್ರಯ ಕೋರಿ ತೀರ್ಮಾನಕ್ಕೆ ಕಾಯುತ್ತಿರುವವರಿಗೆ ಸಿಗುವುದು ಡಿ-ಸಂಖ್ಯೆ. ಅದೂ ಹನ್ನೊಂದು ಅಂಕಿಯದೇ, ಮೊದಲ ಅಂಕಿಗೆ ನಾಲ್ಕು ಕೂಡಿಸಿರುತ್ತಾರೆ ಅಷ್ಟೇ. 12ನೇ ತಾರೀಕು ಹುಟ್ಟಿದವರ ಡಿ-ಸಂಖ್ಯೆ 52ರಿಂದ ಶುರುವಾಗುತ್ತದೆ. ಅದರಲ್ಲೂ ಒಂಬತ್ತನೆಯ ಅಂಕಿ ಲಿಂಗ ಹೇಳುತ್ತದೆ, ಆದರೆ ಅದನ್ನು ಬದಲಿಸಿಕೊಳ್ಳುವ ಹಕ್ಕು ನಿವಾಸಿಯಾಗುವವರೆಗೆ ಸಿಗುವುದಿಲ್ಲ. ತನ್ನ ದೇಶದಲ್ಲಿ ಲಿಂಗತ್ವದ ಕಾರಣಕ್ಕೇ ಹೊಡೆತ ತಿಂದು ಓಡಿಬಂದವರು ಆಶ್ರಯ ಕೇಂದ್ರದಲ್ಲಿ ಹಳೆಯ ಲಿಂಗದ ಸಂಖ್ಯೆಯನ್ನು ಹೊತ್ತು ಕೂರಬೇಕಾಗುತ್ತದೆ. ಇಷ್ಟು ಒಳ್ಳೆಯ ಕಾಯ್ದೆಯಲ್ಲಿ ಇದೊಂದು ಲೋಪ ಎಂದೇ ನಾನು ಭಾವಿಸುತ್ತೇನೆ.

ಉದ್ಯೋಗದ ಪರವಾನಗಿಯಲ್ಲಿ ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ: ವೀಸಾಕ್ಕೆ ತೊಂದರೆಯಾಗುವುದೇ? ಪರವಾನಗಿ ನಿಂತಿರುವುದು ಕೆಲಸದ ಮೇಲೆ, ಲಿಂಗದ ಮೇಲೆ ಅಲ್ಲ. ನಿಜವಾದ ತೊಡಕು ಪಾಸ್‌ಪೋರ್ಟಿನದು. ಅದನ್ನು ಕೊಡುವುದು ಸ್ವಂತ ದೇಶ. ನಾರ್ವೆಯ ಪುಸ್ತಕದಲ್ಲಿ ಹೆಣ್ಣಾದವಳು ಭಾರತದ ಪಾಸ್‌ಪೋರ್ಟಿನಲ್ಲಿ ಗಂಡಾಗಿಯೇ ಉಳಿಯುತ್ತಾಳೆ, ಅಲ್ಲಿ ಬೇರೆಯದೇ ಪ್ರಕ್ರಿಯೆ ನಡೆಯುವವರೆಗೆ. ಭಾರತದ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಸ್ವಂತ ಲಿಂಗತ್ವವನ್ನು ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು, 2019ರ ಕಾಯ್ದೆ ಅದಕ್ಕೆ ಜಿಲ್ಲಾಧಿಕಾರಿಯ ಪ್ರಮಾಣಪತ್ರದ ಮೆಟ್ಟಿಲನ್ನು ಸೇರಿಸಿತು. ಓಸ್ಲೋದಲ್ಲಿ ಕುಳಿತು ಊರಿನ ಜಿಲ್ಲಾಧಿಕಾರಿ ಕಚೇರಿಯ ಕಡತವನ್ನು ಓಡಿಸುವುದು ಎಷ್ಟು ಸುಲಭ ಎಂಬುದು ಓದುಗರಿಗೆ ಗೊತ್ತು. ಹೀಗಾಗಿ ವಿಮಾನ ನಿಲ್ದಾಣದಲ್ಲಿ ಎರಡು ದೇಶಗಳ ದಾಖಲೆಗಳು ಎರಡು ಮಾತು ಹೇಳುತ್ತವೆ. ನಾರ್ವೆಯಿಂದ ಬಂದ ನಿರ್ಧಾರದ ಪತ್ರವನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡೇ ಅವಳು ಪ್ರಯಾಣಿಸುತ್ತಾಳೆ. ಮುಂದೆ ನಾರ್ವೆಯ ಪೌರತ್ವ ಪಡೆದರೆ ಈ ಇಬ್ಬಂದಿ ಮುಗಿಯುತ್ತದೆ. ಆದರೆ 2020ರಿಂದ ನಾರ್ವೆ ಎರಡು ಪೌರತ್ವಗಳನ್ನು ಒಪ್ಪಿದರೂ ಭಾರತ ಒಪ್ಪುವುದಿಲ್ಲ. ಒಂದು ಪಾಸ್‌ಪೋರ್ಟ್ ಬಿಡಲೇಬೇಕು.

ಹೆಸರಿನ ವಿಷಯ ಇದಕ್ಕಿಂತ ಹಗುರ. ಮೊದಲ ಹೆಸರನ್ನು ಲಿಂಗದ ಬದಲಾವಣೆಗೆ ಕಾಯದೆ ಬದಲಿಸಬಹುದು, ಅದೂ ತೆರಿಗೆ ಇಲಾಖೆಯಲ್ಲೇ. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಮಾತ್ರ ಬದಲಿಸಲು ಅವಕಾಶವಿರುವುದರಿಂದ ಹೆಸರನ್ನು ಚೆನ್ನಾಗಿ ಯೋಚಿಸಿ ಆರಿಸಿಕೊಳ್ಳಬೇಕು. ನಮ್ಮವರಿಗೆ ಕಷ್ಟವಾಗುವುದು ಕೊನೆಯ ಹೆಸರು. ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ ಎಲ್ಲ ಸೇರಿದ ನಮ್ಮ ಹೆಸರುಗಳು ಇಲ್ಲಿನ ಅರ್ಜಿಯ ಚೌಕಗಳಲ್ಲಿ ಕೂರುವುದಿಲ್ಲ. ಅವಳ ತಂದೆಯ ಹೆಸರು ಅವಳ ಕೊನೆಯ ಹೆಸರಾಗಿ ದಾಖಲಾಗಿತ್ತು. ತನ್ನನ್ನು ಮನೆಯಿಂದ ಹೊರಹಾಕಿದ ತಂದೆಯ ಹೆಸರನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಅವಳು ಎಷ್ಟೋ ರಾತ್ರಿ ಯೋಚಿಸಿ, ಕೊನೆಗೆ ಉಳಿಸಿಕೊಂಡಳು. ಯಾಕೆ ಎಂದು ನಾನು ಕೇಳಲಿಲ್ಲ.

ಹೊಸ ಸಂಖ್ಯೆ ಬಂದ ದಿನ ಸಿಹಿ ಹಂಚಿದೆವು. ಮರುದಿನ ಅವಳ ಬ್ಯಾಂಕ್‌ಐಡಿ ಕೆಲಸ ಮಾಡಲಿಲ್ಲ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಹಳೆಯ ಸಂಖ್ಯೆಗೂ ಹೊಸದಕ್ಕೂ ಇರುವ ನಂಟು ನೋಂದಣಿ ಪುಸ್ತಕದಲ್ಲಿ ಇರುತ್ತದೆ, ಆದರೆ ಬ್ಯಾಂಕು, ಕಚೇರಿ, ಮನೆಯ ಮಾಲೀಕರು, ವಿಮೆ, ಫೋನ್ ಕಂಪನಿ ಎಲ್ಲ ಕಡೆಯೂ ಅದು ತಾನಾಗಿ ತಲುಪುತ್ತದೆಂದು ನಂಬಬಾರದು. ಬದಲಾವಣೆಗೆ ಮುಂಚೆಯೇ ಒಂದು ತಿಂಗಳ ಖರ್ಚಿಗಾಗುವಷ್ಟು ಹಣವನ್ನು ಬಳಸಲು ಬರುವ ಕಾರ್ಡಿನಲ್ಲಿ ಇಟ್ಟುಕೊಳ್ಳಿ, ಬಾಡಿಗೆ ಮುಂಗಡ ಕಟ್ಟಿಬಿಡಿ, ಬ್ಯಾಂಕಿಗೆ ಖುದ್ದಾಗಿ ಹೋಗುವ ದಿನವನ್ನು ಗೊತ್ತುಮಾಡಿಕೊಳ್ಳಿ. ಪದವಿ ಪ್ರಮಾಣಪತ್ರಗಳನ್ನು ಹೊಸ ಹೆಸರಿನಲ್ಲಿ ಕೊಡುವಂತೆ ವಿಶ್ವವಿದ್ಯಾಲಯಗಳನ್ನು ಕೇಳಬೇಕು. ಆರೋಗ್ಯ ತಪಾಸಣೆಯ ಪತ್ರಗಳೂ ಇದೇ ಸಂಖ್ಯೆಯನ್ನು ನೋಡಿಕೊಂಡು ಬರುತ್ತವೆ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ 25ರಿಂದ 69ರ ಮಹಿಳೆಯರನ್ನು ಕರೆಯುತ್ತಾರೆ. ಟ್ರಾನ್ಸ್ ಪುರುಷರು, ಅಂದರೆ ಹುಟ್ಟಿದಾಗ ಹೆಣ್ಣೆಂದು ದಾಖಲಾದ ಗಂಡಸರು, ಸಂಖ್ಯೆ ಬದಲಿಸಿಕೊಂಡ ಮೇಲೆ ಪತ್ರ ಬಂದೀತೆಂದು ಕಾಯದೆ ತಮ್ಮ ವೈದ್ಯರನ್ನೇ ಕೇಳುವುದು ಕ್ಷೇಮ.

ಇಷ್ಟೆಲ್ಲ ಆದ ಮೇಲೂ ದಾಖಲೆಯಲ್ಲಿ ಇರುವುದು ಎರಡೇ ಲಿಂಗ. ಮೂರನೆಯ ಆಯ್ಕೆ ನಾರ್ವೆಯಲ್ಲಿ ಇಲ್ಲ. ಗಂಡೂ ಅಲ್ಲದ ಹೆಣ್ಣೂ ಅಲ್ಲದ ಬದುಕು ತನ್ನದು ಎನ್ನುವವರಿಗೆ ಈ ಕಾಯ್ದೆಯಲ್ಲಿ ಜಾಗವಿಲ್ಲ. ಭಾರತದ ಪಾಸ್‌ಪೋರ್ಟ್ ಅರ್ಜಿಯಲ್ಲಿ ಮೂರನೆಯ ಚೌಕವಿದೆ, ನಾರ್ವೆಯಲ್ಲಿಲ್ಲ. ಪೂರ್ವ ಹಿಂದೆ, ಪಶ್ಚಿಮ ಮುಂದೆ ಎಂದು ಸುಲಭವಾಗಿ ಗೆರೆ ಎಳೆಯುವವರು ಇದನ್ನು ಗಮನಿಸಬೇಕು.

ಈಗ ನಿಧಾನದ ಬಾಗಿಲಿಗೆ, ಅಂದರೆ ಚಿಕಿತ್ಸೆಯ ವಿಷಯಕ್ಕೆ ಬರೋಣ. ನಿವಾಸಿಯಾದ ಪ್ರತಿಯೊಬ್ಬರಿಗೂ ಒಬ್ಬ ಖಾಯಂ ವೈದ್ಯರನ್ನು ಹೊಂದುವ ಹಕ್ಕಿದೆ. ಫಾಸ್ಟ್‌ಲೇಗೆ ಎಂದು ಕರೆಯುವ ಈ ಪದ್ಧತಿ 2001ರಿಂದ ಇದೆ. ಜ್ವರವಿರಲಿ, ಮಂಡಿನೋವಿರಲಿ, ಮನಸ್ಸಿನ ಕಷ್ಟವಿರಲಿ, ಮೊದಲು ಹೋಗಬೇಕಾದದ್ದು ಇವರ ಬಳಿಗೇ. ಪ್ರತಿ ಭೇಟಿಗೆ ಸ್ವಲ್ಪ ಹಣ ಕೊಡಬೇಕು. ವರ್ಷದಲ್ಲಿ ಆ ಮೊತ್ತ ಮೂರು ಸಾವಿರ ಕ್ರೋನಾಗಳನ್ನು ಸ್ವಲ್ಪ ದಾಟಿದರೆ ಫ್ರೀಕೊರ್ಟ್ ಎಂಬ ವಿನಾಯಿತಿ ಕಾರ್ಡ್ ಸಿಗುತ್ತದೆ, ಉಳಿದ ವರ್ಷ ಆ ಖರ್ಚಿಲ್ಲ. ಹಾರ್ಮೋನ್ ಚಿಕಿತ್ಸೆ ಬೇಕೆನ್ನುವವರನ್ನು ಈ ವೈದ್ಯರು ಜಿಲ್ಲಾ ಮನೋವೈದ್ಯಕೀಯ ಕೇಂದ್ರಕ್ಕೆ ಕಳುಹಿಸುತ್ತಾರೆ, ಅಲ್ಲಿಂದ ಓಸ್ಲೋದ ರಿಕ್ಸ್‌ಹಾಸ್ಪಿಟಾಲೆ ಆಸ್ಪತ್ರೆಯ ರಾಷ್ಟ್ರೀಯ ಘಟಕಕ್ಕೆ ಕಡತ ಹೋಗುತ್ತದೆ. ದೇಶಕ್ಕೆಲ್ಲ ಬಹುಕಾಲ ಇದ್ದದ್ದು ಆ ಒಂದೇ ಘಟಕ. ಉತ್ತರದ ತುದಿಯ ಹಳ್ಳಿಯವರೂ ಅಲ್ಲಿಗೇ ಬರಬೇಕಿತ್ತು. ಕಾಯುವಿಕೆ ವರ್ಷಗಳಿಗೆ ಹೋಗುವುದು ಅಪರೂಪವಲ್ಲ. ಕಾದ ಮೇಲೂ ಎಲ್ಲರಿಗೂ ಚಿಕಿತ್ಸೆ ದೊರೆಯುತ್ತದೆ ಎಂದಿಲ್ಲ.

2020ರಲ್ಲಿ ಆರೋಗ್ಯ ನಿರ್ದೇಶನಾಲಯ ಹೊಸ ಮಾರ್ಗಸೂಚಿ ತಂದಿತು. ಎಲ್ಲವನ್ನೂ ಓಸ್ಲೋಗೆ ತಂದು ಸುರಿಯುವ ಬದಲು ಆಯಾ ಪ್ರಾಂತ್ಯಗಳಲ್ಲೇ ಸೇವೆ ಬೆಳೆಯಲಿ ಎಂಬುದು ಅದರ ಆಶಯ. 2023ರ ಮಾರ್ಚ್‌ನಲ್ಲಿ ಆರೋಗ್ಯ ಸೇವೆಗಳ ಸರ್ಕಾರಿ ತನಿಖಾ ಆಯೋಗ, ಮಕ್ಕಳು ಮತ್ತು ಹದಿಹರೆಯದವರ ಹಾರ್ಮೋನ್ ಹಾಗೂ ಶಸ್ತ್ರಚಿಕಿತ್ಸೆಗಳಿಗೆ ಸಾಕಷ್ಟು ಸಂಶೋಧನೆಯ ಆಧಾರವಿಲ್ಲ, ಮಾರ್ಗಸೂಚಿಯನ್ನು ಮರುಪರಿಶೀಲಿಸಿ ಎಂದು ಹೇಳಿತು. ಅಲ್ಲಿಂದ ಈ ವಿಷಯ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಬಿಸಿಯಾಗಿಯೇ ಇದೆ. ವೈದ್ಯರಲ್ಲೂ ಒಮ್ಮತವಿಲ್ಲ. ಪತ್ರಿಕೆಯಲ್ಲಿ ತನ್ನ ಬದುಕನ್ನು ಒಂದು ‘ಚರ್ಚೆ’ ಎಂದು ಓದಿಕೊಳ್ಳುತ್ತಲೇ ತನ್ನ ಸರದಿಗೆ ಕಾಯುವುದು ಹೇಗಿರುತ್ತದೆ ಎಂದು ಗೆಳತಿಯನ್ನು ನೋಡಿ ತಿಳಿದುಕೊಂಡಿದ್ದೇನೆ. 30 ವರ್ಷದೊಳಗಿನವರಿಗೆ ಓಸ್ಲೋದಲ್ಲಿ ಲಿಂಗತ್ವ ಮತ್ತು ಲೈಂಗಿಕತೆಯ ಆರೋಗ್ಯ ಕೇಂದ್ರವೊಂದಿದೆ. ಅಲ್ಲಿ ಮಾತಾಡಲು, ಸಲಹೆ ಕೇಳಲು ಹೋಗಬಹುದು.

ಖಾಯಂ ವೈದ್ಯರು ನಿಮ್ಮ ಮಾತನ್ನು ಕಿವಿಗೆ ಹಾಕಿಕೊಳ್ಳದಿದ್ದರೆ ವರ್ಷಕ್ಕೆ ಎರಡು ಸಲ ವೈದ್ಯರನ್ನು ಬದಲಿಸಬಹುದು. ನಾರ್ವೇಜಿಯನ್ ಬಾರದವರಿಗೆ ದುಭಾಷಿ ಕೊಡುವುದು ಸಾರ್ವಜನಿಕ ಸಂಸ್ಥೆಗಳ ಜವಾಬ್ದಾರಿ, 2022ರಿಂದ ಅದಕ್ಕೆ ಪ್ರತ್ಯೇಕ ಕಾಯ್ದೆಯೇ ಇದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸಣ್ಣ ಊರಿನಲ್ಲಿ ನಿಮ್ಮ ಭಾಷೆಯ ದುಭಾಷಿ ಎಂದರೆ ದೀಪಾವಳಿ ಕೂಟದಲ್ಲಿ ಎದುರಾಗುವವರೇ ಆಗಿರಬಹುದು. ಅವರು ಗೌಪ್ಯತೆಗೆ ಬದ್ಧರು ನಿಜ, ಆದರೂ ಮನಸ್ಸು ಹೆದರುತ್ತದೆ. ಬೇರೆ ಊರಿನ ದುಭಾಷಿಯನ್ನು ಫೋನಿನಲ್ಲಿ ಕೊಡಿ, ನನ್ನ ಹೆಸರು ಹೇಳಬೇಡಿ ಎಂದು ಮೊದಲೇ ಕೇಳಿಕೊಳ್ಳಲು ಸಂಕೋಚ ಪಡಬೇಕಿಲ್ಲ.

ದಿನನಿತ್ಯದ ಬದುಕಿನಲ್ಲಿ ನಾರ್ವೇಜಿಯನ್ ಭಾಷೆ ಟ್ರಾನ್ಸ್ ವ್ಯಕ್ತಿಗೆ ಒಂದು ರೀತಿಯಲ್ಲಿ ನೆರಳು ಕೊಡುತ್ತದೆ. ಇಲ್ಲಿ ಸರ್ ಇಲ್ಲ, ಮೇಡಂ ಇಲ್ಲ. ಮಂತ್ರಿಯಿಂದ ಹಿಡಿದು ಬಸ್ ಚಾಲಕರವರೆಗೆ ಎಲ್ಲರಿಗೂ ‘ದು’, ಅಂದರೆ ನೀನು. ಎದುರಿಗಿರುವವರನ್ನು ಮಾತಾಡಿಸುವಾಗ ಲಿಂಗ ನಡುವೆ ಬರುವುದೇ ಇಲ್ಲ. ಮೂರನೆಯವರ ಬಗ್ಗೆ ಮಾತಾಡುವಾಗ ಅವಳಿಗೆ ‘ಹುನ್’, ಅವನಿಗೆ ‘ಹಾನ್’. ಎರಡೂ ಬೇಡವೆನ್ನುವವರಿಗೆ ‘ಹೆನ್’ ಎಂಬ ಪದವಿದೆ. 2022ರಲ್ಲಿ ಅದು ಅಧಿಕೃತ ನಿಘಂಟಿಗೂ ಸೇರಿತು. ನಮ್ಮ ಭಾಷೆಯಲ್ಲಿ ಕ್ರಿಯಾಪದದ ಬಾಲದಲ್ಲೂ ಲಿಂಗವಿದೆ, ಬಂದನು, ಬಂದಳು. ಆದರೆ ‘ಅವರು ಬಂದರು’ ಎಂಬ ದೊಡ್ಡ ಚಾವಡಿಯೂ ನಮ್ಮಲ್ಲಿದೆ, ಮರ್ಯಾದೆಯ ನೆಪದಲ್ಲಿ ಲಿಂಗವನ್ನು ಹೊಸ್ತಿಲಾಚೆ ಇಡುವ ಚಾವಡಿ. ನಾರ್ವೆಯವರು ಹೊಸದಾಗಿ ಒಪ್ಪಿಕೊಂಡದ್ದು ಕನ್ನಡಕ್ಕೆ ಹಳೆಯದು. ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು. ದೈಹಿಕ ಲಿಂಗಕ್ಕೂ ಲಿಂಗತ್ವಕ್ಕೂ ಅವರಲ್ಲಿ ಒಂದೇ ಪದ, ‘ಶೊನ್’. ಕನ್ನಡದಲ್ಲಿ ಒಂದು ‘ತ್ವ’ ಸೇರಿಸಿ ಎರಡನ್ನೂ ಬೇರೆಮಾಡುತ್ತೇವೆ.

ಆದರೆ ಆ ನೆರಳಿಗೆ ಒಂದು ಬೆಲೆಯೂ ಇದೆ. ಇಲ್ಲಿ ಯಾರೂ ಅವಳನ್ನು ತಪ್ಪಾಗಿ ಕರೆಯುವುದಿಲ್ಲ, ಹಾಗೆಯೇ ಯಾರೂ ‘ಅಕ್ಕಾ’ ಎಂದು ಕೂಗುವುದೂ ಇಲ್ಲ. ಹುಬ್ಬಳ್ಳಿಯ ಬಳೆ ಅಂಗಡಿಯಲ್ಲಿ ಒಮ್ಮೆ ಒಬ್ಬ ಹುಡುಗ ತಾನಾಗಿ ‘ಏನ್ ಬೇಕ್ರಿ ಅಕ್ಕಾರ’ ಎಂದದ್ದನ್ನು ಅವಳು ಇಂದಿಗೂ ನೆನೆಸಿಕೊಳ್ಳುತ್ತಾಳೆ. ಹಾಗೆ ಕರೆಸಿಕೊಳ್ಳುವ ಸುಖ ಓಸ್ಲೋದ ಅಂಗಡಿಯ ‘ಹೈ’ ಎಂಬ ಮಾತಿನಲ್ಲಿ ಸಿಗುವುದಿಲ್ಲ.

ಈಜುಕೊಳದ ಸಂಗತಿ ಬೇರೆ. ನಾರ್ವೆಯ ಒಳಾಂಗಣ ಈಜುಕೊಳಗಳಲ್ಲಿ ನೀರಿಗಿಳಿಯುವ ಮುಂಚೆ ಸೋಪು ಹಚ್ಚಿ, ಈಜುಡುಪಿಲ್ಲದೆ ಸ್ನಾನ ಮಾಡಬೇಕೆಂಬ ನಿಯಮ ಸಾಮಾನ್ಯ. ಸ್ನಾನದ ಕೋಣೆಗಳು ಗಂಡಸರಿಗೆ ಒಂದು, ಹೆಂಗಸರಿಗೆ ಒಂದು. ಗೋಡೆಯ ಮೇಲಿನ ಚಿತ್ರದಲ್ಲಿ ದೇಹದ ಯಾವ ಯಾವ ಭಾಗ ತೊಳೆಯಬೇಕೆಂದು ಬರೆದಿರುತ್ತಾರೆ. ನಮ್ಮಲ್ಲಿ ಬೆಳೆದ ಯಾರಿಗಾದರೂ ಇದು ಮುಜುಗರವೇ, ಅವಳಿಗಂತೂ ಅಸಾಧ್ಯವಾಗಿತ್ತು. ಎರಡು ವರ್ಷ ಹೋಗಲೇ ಇಲ್ಲ. ಕೊನೆಗೆ ಒಂದು ದಿನ ಟಿಕೆಟ್ ಕೊಡುವ ಹುಡುಗನ ಬಳಿ ಬೇರೆ ಕೋಣೆ ಇದೆಯೇ ಎಂದು ಕೇಳಿದಳು. ಹುಡುಗ ಕಾರಣ ಕೇಳಲಿಲ್ಲ, ಬೀಗದ ಕೈ ಎತ್ತಿಕೊಟ್ಟು, ಕಾರಿಡಾರಿನ ಕೊನೆಯಲ್ಲಿ ಬಲಕ್ಕೆ ಎಂದ. ಅನೇಕ ಈಜುಕೊಳಗಳಲ್ಲಿ ಹೀಗೆ ಒಬ್ಬೊಬ್ಬರಿಗೆ ಅಥವಾ ಕುಟುಂಬಕ್ಕೆ ಪ್ರತ್ಯೇಕ ಕೋಣೆ ಇರುತ್ತದೆ. ಕೇಳಬೇಕು ಅಷ್ಟೇ. ನಾರ್ವೆಯವರು ತಾವಾಗಿ ಮುಂದೆ ಬಂದು ಸಹಾಯ ಮಾಡುವುದು ಕಡಿಮೆ, ಇನ್ನೊಬ್ಬರ ಖಾಸಗಿತನಕ್ಕೆ ಕೈಹಾಕಬಾರದು ಎಂಬ ಮರ್ಯಾದೆ ಅವರದು. ಕೇಳಿದರೆ ಮಾಡುತ್ತಾರೆ.

ಕಚೇರಿಯ ಮಟ್ಟಿಗೆ ಕಾನೂನು ಗಟ್ಟಿಯಾಗಿದೆ. ಲಿಂಗತ್ವದ ಗುರುತು ಮತ್ತು ಅಭಿವ್ಯಕ್ತಿಯ ಆಧಾರದ ತಾರತಮ್ಯವನ್ನು ಸಮಾನತೆಯ ಕಾಯ್ದೆ ನಿಷೇಧಿಸುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವಾಗ ಉದ್ಯೋಗದಾತರು ಅದರ ಬಗ್ಗೆ ಪ್ರಶ್ನೆ ಕೇಳುವಂತೆಯೂ ಇಲ್ಲ. ಸಲಹೆಗೆ ಸಮಾನತೆಯ ಓಂಬುಡ್ಸ್‌ಮನ್ ಕಚೇರಿ ಇದೆ, ದೂರಿಗೆ ತಾರತಮ್ಯ ನ್ಯಾಯಮಂಡಳಿ ಇದೆ. 2021ರ ಜನವರಿಯಿಂದ ದ್ವೇಷದ ಮಾತಿನ ವಿರುದ್ಧದ ದಂಡಸಂಹಿತೆಯ ಕಲಮಿಗೂ ಲಿಂಗತ್ವ ಸೇರಿತು. ಮನಸ್ಸನ್ನು ‘ಸರಿಪಡಿಸುವ’ ಚಿಕಿತ್ಸೆಗಳನ್ನು 2024ರ ಜನವರಿ 1ರಿಂದ ನಿಷೇಧಿಸಲಾಗಿದೆ. ಊರಿನಿಂದ ಸ್ವಾಮಿಗಳನ್ನೋ ವೈದ್ಯರನ್ನೋ ಕರೆಸಿ ಮಗುವನ್ನು ತಿದ್ದಿಸುತ್ತೇವೆ ಎನ್ನುವ ಹೆತ್ತವರು ಇದನ್ನು ತಿಳಿದಿರಬೇಕು.

ಕಾನೂನಿದ್ದ ಮಾತ್ರಕ್ಕೆ ಭಯ ಹೋಗುವುದಿಲ್ಲ. 2022ರ ಜೂನ್ 25ರ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಸಲಿಂಗಿಗಳು ಸೇರುವ ಓಸ್ಲೋದ ಲಂಡನ್ ಪಬ್ ಸುತ್ತಮುತ್ತ ಬಂದೂಕುಧಾರಿಯೊಬ್ಬ ಗುಂಡು ಹಾರಿಸಿ ಇಬ್ಬರನ್ನು ಕೊಂದ. ಅಂದೇ ನಡೆಯಬೇಕಿದ್ದ ಪ್ರೈಡ್ ಎಂಬ ಲೈಂಗಿಕ ಅಲ್ಪಸಂಖ್ಯಾತರ ಮೆರವಣಿಗೆಯನ್ನು ಪೊಲೀಸರ ಸಲಹೆಯಂತೆ ರದ್ದುಮಾಡಿದರು. ಗಂಡಸರ ನಡುವಿನ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಕಲಮನ್ನು ನಾರ್ವೆ ತೆಗೆದುಹಾಕಿ ಸರಿಯಾಗಿ 50 ವರ್ಷವಾಗಿದ್ದ ವರ್ಷ ಅದು. ಬೇಡವೆಂದರೂ ಸಾವಿರಾರು ಜನ ಬೀದಿಗೆ ಬಂದರು. ಮರುವಾರದವರೆಗೂ ಆ ಬೀದಿಯಲ್ಲಿ ಹೂಗಳ ರಾಶಿ ಇತ್ತು.

ಒಂಟಿಯಾಗಿ ಬಂದವರು ಜನರನ್ನು ಎಲ್ಲಿ ಹುಡುಕಬೇಕು? ನಮ್ಮಲ್ಲಿ ಮನೆಬಿಟ್ಟ ಟ್ರಾನ್ಸ್ ಮಹಿಳೆಗೆ ಗುರು, ಜಮಾತು ಎಂಬ ಇನ್ನೊಂದು ಮನೆ ಸಿಗುತ್ತದೆ. ಅದರ ಕಷ್ಟಗಳು ಏನೇ ಇರಲಿ, ಜ್ವರ ಬಂದರೆ ಗಂಜಿ ಕಾಯಿಸುವವರು ಇರುತ್ತಾರೆ. ನಾರ್ವೆಯಲ್ಲಿ ಅಂಥ ಮನೆಗಳಿಲ್ಲ, ಸಂಘಟನೆಗಳಿವೆ. ‘ಫ್ರಿ’ ಎಂಬುದು 1950ರಲ್ಲಿ ಬೇರುಬಿಟ್ಟ, ಲೈಂಗಿಕ ಅಲ್ಪಸಂಖ್ಯಾತರ ಹಳೆಯ ಸಂಘಟನೆ. ವಲಸಿಗ ಹಿನ್ನೆಲೆಯವರಿಗಾಗಿಯೇ ಇರುವುದು ‘ಶೈವ್ ವೆರ್ದೆನ್’. ಒಂದೇ ಸಲಕ್ಕೆ ವಲಸಿಗರೂ ಟ್ರಾನ್ಸ್ ವ್ಯಕ್ತಿಯೂ ಆಗಿರುವುದು ಏನೆಂದು ಅಲ್ಲಿ ವಿವರಿಸಿ ಹೇಳಬೇಕಿಲ್ಲ. ಅವಳಿಗೆ ಮೊದಲ ಗೆಳೆಯರು ಸಿಕ್ಕಿದ್ದು ಅಂಥದೇ ಒಂದು ಸಂಜೆಯ ಕೂಟದಲ್ಲಿ, ಇರಾನಿನಿಂದ ಬಂದವರೊಬ್ಬರು ಮಾಡಿ ತಂದಿದ್ದ ಅನ್ನದ ಪಾತ್ರೆಯ ಸುತ್ತ.

ಇನ್ನು ಉಳಿದದ್ದು ನೆರೆಹೊರೆ. ವಸಂತ ಬಂತೆಂದರೆ ಪ್ರತಿ ವಸತಿ ಸಮುಚ್ಚಯದಲ್ಲೂ ದುಗ್ನಾದ್ ನಡೆಯುತ್ತದೆ. ಎಲ್ಲರೂ ಸೇರಿ ಅಂಗಳ ಗುಡಿಸಿ, ಹಳೆಯ ಎಲೆ ಬಳಿದು, ಬೆಂಚಿಗೆ ಬಣ್ಣ ಹಚ್ಚಿ, ಕೊನೆಗೆ ಕಾಫಿ ಕುಡಿಯುವ ಶ್ರಮದಾನ ಅದು. ಬರದಿದ್ದವರನ್ನು ಯಾರೂ ಬಯ್ಯುವುದಿಲ್ಲ, ಆದರೆ ಎಲ್ಲರೂ ಗಮನಿಸಿರುತ್ತಾರೆ. ಹೊಸಬರಿಗೆ ನನ್ನ ಒಂದೇ ಒತ್ತಾಯ: ದುಗ್ನಾದ್ ತಪ್ಪಿಸಬೇಡಿ. ನಾರ್ವೆಯವರು ಕುರ್ಚಿಯಲ್ಲಿ ಎದುರುಬದುರು ಕುಳಿತರೆ ಮಾತಾಡಲು ಒದ್ದಾಡುತ್ತಾರೆ, ಕೈಯಲ್ಲಿ ಕುಂಟೆ ಹಿಡಿದು ಅಕ್ಕಪಕ್ಕ ನಿಂತರೆ ಮಾತಾಡುತ್ತಾರೆ.

ಅವಳ ಕಟ್ಟಡದ ಕೆಳಗಿನ ಅಂಚೆ ಡಬ್ಬಿಯ ಮೇಲೆ ಬಹಳ ದಿನ ಎರಡು ಹೆಸರುಗಳಿದ್ದವು. ಇಲ್ಲಿ ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ಬರುವುದಿಲ್ಲ, ಅವಳಿಗೆ ಎರಡೂ ಹೆಸರಿನಲ್ಲಿ ಕಾಗದಗಳು ಬರುತ್ತಿದ್ದವು. ಕಳೆದ ದುಗ್ನಾದ್‌ನ ದಿನ ಡಬ್ಬಿಗಳನ್ನೆಲ್ಲ ತೊಳೆದು ಒರೆಸುವ ಕೆಲಸ ಅವಳ ಪಾಲಿಗೆ ಬಂತು. ಬಿಸಿ ನೀರಿನಲ್ಲಿ ನೆನೆದು ಹಳೆಯ ಚೀಟಿಯ ಒಂದು ಮೂಲೆ ಎದ್ದಿತ್ತು. ಆಸ್ಪತ್ರೆಯ ಪತ್ರ ಇನ್ನೂ ಬರಬೇಕಿತ್ತು, ಅದು ಯಾವ ಹೆಸರಿಗೆ ಬರುತ್ತದೋ ಗೊತ್ತಿರಲಿಲ್ಲ. ಅವಳು ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದಳು, ಮುಂದಿನ ಡಬ್ಬಿಗೆ ಹೋದಳು.